ಕಾಕಾನ ಬೀಗದ ಪಾರ್ಸಲ್ಲು

ನಮ್ಮ ಕಾಕಾನ ಮನೆಯಲ್ಲಿ ದೆವ್ವ ಇದೆ ಎಂದು ಜೊಯಿಡಾದ ಅರ್ಧ ಮಂದಿ ಹೇಳುತ್ತಾರೆ. ಉಳಿದವರು ಕಾಕಾನೇ ದೆವ್ವ ಎನ್ನುತ್ತಾರೆ! ಅವರ ಅಣ್ಣನ ಮಗಳಾದ ನಾನು ಯಾರ ಕಡೆ ಎಂದು ಮಾತ್ರ ಕೇಳಬೇಡಿ. ದಿನಕ್ಕೊಂದು ಕಡೆ ಇರುತ್ತೇನೆ.

ಕಾಕಾ ಮಾರುವುದು ಹಳೆಯ ಬೀಗಗಳನ್ನು. ಎಂಥ ಬೀಗ ಅಂತೀರಿ? ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಮನೆಗಳವು. ಊರು ಬಿಡುವಾಗ ಜನ ಬಾಗಿಲಿನಿಂದ ತೆಗೆದು ತಂದಿದ್ದ ಬೀಗಗಳನ್ನು ಕೊಂಡುಕೊಂಡು, ಹಳೆಯದನ್ನು ಕೂಡಿಡುವ ಶೋಕಿಯವರಿಗೆ ಆನ್‌ಲೈನಿನಲ್ಲಿ ಮಾರುತ್ತಾರೆ. ಬಾಗಿಲು ನೀರಿನಡಿ, ಬೀಗ ಪುಣೆಯಲ್ಲಿ!

ಕಳಿಸುವ ಮುನ್ನ ಪ್ರತಿ ಬೀಗವನ್ನೂ ತೆರೆದು, ಒಳಗೆ ಯಾರಾದರೂ ಉಳಿದಿದ್ದರೆ ಹೊರಗೆ ಬರಲಿ ಎಂದು ಕಾಯುತ್ತಾರೆ. ಒಮ್ಮೆ ನಾನು ಎದುರಿಗೇ ಕೂತಿದ್ದೆ. ಬೀಗ ಕಟಕ್ ಎಂದಿತು. ಸ್ವಲ್ಪ ಸರಿದು ದಾರಿ ಬಿಡು ಎಂದರು ಕಾಕಾ. ಯಾರಿಗೆ ಎಂದು ಕೇಳುವ ಮೊದಲೇ ನಾನು ಗೋಡೆಗೆ ಅಂಟಿದ್ದೆ! ಬಾಗಿಲ ಪರದೆ ಮೆಲ್ಲಗೆ ಅಲುಗಿತು. ಗಾಳಿ ಇರಬೇಕು. ಕಿಟಕಿ ಮುಚ್ಚಿತ್ತು ಎಂಬುದು ಬೇರೆ ಮಾತು.

ಅವರ ಹೆಂಡತಿ, ನಮ್ಮ ಕಾಕು, ಹೋದ ವರ್ಷ ತೀರಿಕೊಂಡ ಮೇಲೆ ಕಾಕಾನಿಗೆ ಈ ಬೀಗಗಳೇ ಬದುಕು. ಪಾರ್ಸಲ್ ಕಟ್ಟುವುದು ಅವರು; ಹಳಿಯಾಳದಿಂದ ಬಸ್ಸು ಹಿಡಿದು ಬಂದು ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯುವುದು ನಾನು.

ಕೆಲವು ತಿಂಗಳ ಹಿಂದೆ ಒಬ್ಬ ಗಿರಾಕಿಯ ದೂರು ಬಂತು. ಪೆಟ್ಟಿಗೆ ಬಂದು ಮುಟ್ಟಿದೆ, ಒಳಗೆ ಬೀಗವಿಲ್ಲ, ದಾರಿಯಲ್ಲಿ ಯಾರೋ ಕದ್ದಿದ್ದಾರೆ! ಬೀಗ ಒಡೆದು ಕದಿಯುವವರನ್ನು ಕೇಳಿದ್ದೇವೆ, ಬೀಗವನ್ನೇ ಕದ್ದ ಕಳ್ಳನನ್ನು ಎಲ್ಲಾದರೂ ಕೇಳಿದ್ದೀರಾ? ಕಾಕಾ ಮಾತ್ರ ನಗಲಿಲ್ಲ.

"ಕದ್ದಿರಲಿಕ್ಕಿಲ್ಲ. ಮನಿ ನೆನಪಾಗಿ ಹೊಳ್ಳಿ ಹೋಗಿರಬೇಕು," ಅಂದರು.

ಇದನ್ನು ಇಂಗ್ಲಿಷಿನಲ್ಲಿ ನಾನು ಹೇಗೆ ಬರೆಯಲಿ, ಹೇಳಿ!

ಮಾರಾಟದ ಜಾಲತಾಣದವರು ಖಡಕ್ಕಾಗಿ ತಿಳಿಸಿದರು: ಪಾರ್ಸಲ್ ಕಟ್ಟಿದ ವಿಡಿಯೊ ಕಳಿಸಿ, ಇಲ್ಲವಾದರೆ ನಿಮ್ಮ ಅಂಗಡಿ ಬಂದ್. ನನಗೆ ಖುಷಿಯೋ ಖುಷಿ. ಇಂಥ ತಕರಾರು ಬರಬಹುದೆಂದೇ ಪ್ರತಿ ಪಾರ್ಸಲ್ಲಿನ ವಿಡಿಯೊ ಮಾಡಿಡುವುದನ್ನು ಕಾಕಾನಿಗೆ ನಾನೇ ಕಲಿಸಿದ್ದೆ. ಅವರು ಚಹಾ ಮಾಡಲು ಒಳಗೆ ಹೋದಾಗ ಮೊಬೈಲ್ ತೆರೆದು ನೋಡಿದೆ.

ಬೀಗ ಪೆಟ್ಟಿಗೆಯೊಳಗೆ ಹೋದದ್ದು ಸ್ಪಷ್ಟವಾಗಿತ್ತು. ಆಮೇಲೆ ಕಾಕಾ ಸುತಳಿ ಸುತ್ತಿ, ಅಡ್ಡ ಹಾಕಿ ಜಗ್ಗಿದರು. ಗಂಟು ಬಿಗಿಯಾಗಬೇಕಾದರೆ ಆ ಜಾಗದ ಮೇಲೆ ಇನ್ನೊಬ್ಬರು ಬೆರಳಿಟ್ಟು ಒತ್ತಬೇಕಲ್ಲ? ಕಾಕಾ ಎದುರಿನ ಖಾಲಿ ಸ್ಟೂಲಿನ ಕಡೆ ನೋಡಿ, "ಹ್ಞೂಂ, ಬೆರಳ ಇಡು," ಅಂದರು. ಸುತಳಿಯ ಎರಡೂ ತುದಿ ಬಿಟ್ಟು ಆರಾಮಾಗಿ ಕನ್ನಡಕ ಸರಿಮಾಡಿಕೊಂಡರು. ಸುತಳಿ ಸಡಿಲಾಗಲಿಲ್ಲ. ಗಂಟು ಹಾಕುವಾಗ ಮೆತ್ತಗೆ, "ಸಾಕು, ತಗಿ. ಬೆರಳ ಸಿಕ್ಕೋತೈತಿ," ಅಂದರು.

ನಾನು ಮತ್ತೊಮ್ಮೆ ಹಿಂದೆ ತಿರುಗಿಸಿ ನೋಡಿದೆ. ಸಡಿಲಾಗಲಿಲ್ಲ! ಹಾಡಹಗಲಲ್ಲಿ ಮೈಯೆಲ್ಲ ಮುಳ್ಳೆದ್ದಿತು.

ಕಾಕಾ ಚಹಾ ತಂದಿಟ್ಟರು. ವಿಡಿಯೊದಲ್ಲಿ ಬೀಗ ಚೊಲೋ ಕಾಣುತ್ತದೆ, ಇದನ್ನು ಕಳಿಸಿದರೆ ನಾವು ಗೆದ್ದಂತೆಯೇ ಎಂದೆ.

"ಬ್ಯಾಡ ಯವ್ವಾ. ನಿಮ್ಮ ಕಾಕು ಮಂದಿ ಮುಂದ ಒಂದ ಫೋಟೋಕ್ಕೂ ನಿಂತಾಕಿ ಅಲ್ಲ."

ಅಂಗಡಿ ಹೋಗುತ್ತದೆ, ನಾಳೆಯಿಂದ ಏನು ಮಾಡುತ್ತೀರಿ ಎಂದು ನಾನು ಜಗಳವಾಡಿದೆ. ಅವರು ಚಹಾ ಆರಿಸುತ್ತ ಕೂತರು. ವಿಡಿಯೊ ಹೋಗಲಿಲ್ಲ, ಅಂಗಡಿ ಬಂದ್ ಆಯಿತು.

ಹಳಿಯಾಳಕ್ಕೆ ಮರಳಿದರೂ ನನಗೆ ಅವರದೇ ಚಿಂತೆ. ಮುಂದಿನ ವಾರ ನನ್ನ ಹೆಸರಿಗೊಂದು ಪಾರ್ಸಲ್ ಬಂತು. ಒಳಗೊಂದು ಬೀಗ! ಅದರ ಮುಂದಿನ ವಾರ ಇನ್ನೊಂದು. ಸಾಕು ಮಾಡಿ ಎನ್ನಲು ಫೋನ್ ಎತ್ತಿಕೊಂಡವಳು, ಪಾರ್ಸಲ್ ಕಟ್ಟಲು ಅವರಿಗೆ ಯಾರದಾದರೂ ವಿಳಾಸ ಬೇಕಲ್ಲ ಎಂದು ಹೊಳೆದು, ಅಲ್ಲೇ ಕೂತು ಅತ್ತುಬಿಟ್ಟೆ. ಈಗ ಪಾರ್ಸಲ್ ಬಂದ ಕೂಡಲೇ ತಪ್ಪದೆ ಫೋನ್ ಮಾಡುತ್ತೇನೆ.

"ಮುಟ್ಟಿತ್ರಿ ಕಾಕಾ. ಗಂಟು ಭಾಳ ಬಿಗಿ ಐತಿ."

"ಇರಬೇಕಲ್ಲವಾ," ಅನ್ನುತ್ತಾರೆ. "ಇಬ್ರೂ ಕೂಡಿ ಕಟ್ಟೇವಿ."