ನೂಕರತ್ನಂ ಪುಟಕ್ಕೆ ಸಾವಿರ ಕಣ್ಣು

ಅಕ್ಕಿಹಿಟ್ಟಿನ ತಿಳಿನೀರಿನಲ್ಲಿ ಬಟ್ಟೆಯ ತುಂಡನ್ನು ಅದ್ದಿ, ಬೋರಲು ಹಾಕಿದ ಬಿಸಿ ಮಡಕೆಯ ಬೆನ್ನ ಮೇಲೆ ಒಂದೇ ಸಲಕ್ಕೆ ಎಳೆಯಬೇಕು. ಎರಡು ಎಣಿಸುವಷ್ಟರಲ್ಲಿ ಹಾಳೆ ಎದ್ದು ಕೈಗೆ ಬರುತ್ತದೆ, ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗೆ. ಮೂರು ಎಣಿಸಿದರೆ ಸುಟ್ಟಿತು. ಆ ಭಾನುವಾರ ಬೆಳಿಗ್ಗೆ ನೂಕರತ್ನಂ ಎರಡು ಎಣಿಸಿದ್ದಳು. ಅಷ್ಟರಲ್ಲಿ ಫೋನು ಬಂತು.

"ಪೂತರೇಕುಲು ಮಾಡೋರಾ? ನಾನು ಹೈದರಾಬಾದಿನಿಂದ ಸುಗುಣ. ಮಗಳ ಮದುವೆ ಇದೆ. ಬಂದೋರಿಗೆಲ್ಲ ಸಿಹಿಗೆ ಅಂತ ಒಂದೊಂದು ಡಬ್ಬಿ ಪೂತರೇಕು ಕೊಡೋಣ ಅಂತಿದ್ದೀವಿ. ಎಂಟು ನೂರು ಡಬ್ಬಿ. ಇನ್‌ಸ್ಟಾದಲ್ಲಿ ನಿಮ್ಮ ಪುಟ ಇದೆ ತಾನೆ?"

"ಇದೆ ಮೇಡಂ."

"ಎಷ್ಟು ಜನ ಫಾಲೋ ಮಾಡ್ತಾರೆ?"

ನೂಕರತ್ನಂ ಗಂಡನ ಕಡೆ ನೋಡಿದಳು. ಸತ್ತಿಬಾಬು ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ಮೊದಲು ನಾಲ್ಕು ಬೆರಳು ತೋರಿಸಿದ, ಆಮೇಲೆ ಒಂದು. ನಲವತ್ತೊಂದು. ಅದರಲ್ಲಿ ಮೂವತ್ತೊಂಬತ್ತು ಜನ ನೆಂಟರು.

"ಸಾವಿರದ ಹತ್ತಿರ ಇದ್ದಾರೆ ಮೇಡಂ," ಎಂದಳು ನೂಕರತ್ನಂ. ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೇ ಗಾಬರಿಯಾಯಿತು.

"ಒಳ್ಳೇದಾಯ್ತು. ಸಂಜೆ ಆರಕ್ಕೆ ಮನೆಯವರೆಲ್ಲ ಕೂತು ನೋಡ್ತೀವಿ. ನಿಮ್ಮ ಪುಟ, ನಿಮ್ಮೂರಿನ ಗಂಗಾಭವಾನಿಯವರ ಪುಟ ಎರಡೂ. ಯಾವುದು ಚೆನ್ನಾಗಿದೆಯೋ ಅವರಿಗೇ ಹೇಳಿಬಿಡ್ತೀವಿ."

ಮಡಕೆಯ ಮೇಲಿನ ಹಾಳೆ ಅಷ್ಟರಲ್ಲಿ ಕರಕಲಾಗಿತ್ತು.

ಕಾಲುವೆ ದಂಡೆಯ ಆ ಊರಿನಲ್ಲಿ ಮನೆಗೊಂದು ಮಡಕೆ. ಆದರೆ ನೂಕರತ್ನಂ ಎಳೆದ ಹಾಳೆಯನ್ನು ಕಣ್ಣಿಗೆ ಅಡ್ಡ ಹಿಡಿದರೆ ಆಚೆಯ ತೆಂಗಿನ ಮರ ಎಣಿಸಬಹುದು ಎಂದು ಎಲ್ಲರೂ ಹೇಳುತ್ತಿದ್ದರು. ಆರು ವರ್ಷದಿಂದ ಆ ಹಾಳೆಗಳೆಲ್ಲ ಗಂಗಾಭವಾನಿಯ ಅಂಗಡಿಗೆ ಹೋಗಿ, ತುಪ್ಪ ಬೆಲ್ಲ ಸವರಿಸಿಕೊಂಡು, ಗಂಗಾಭವಾನಿಯ ನಗುಮುಖ ಅಚ್ಚಾದ ಡಬ್ಬಿಯೊಳಗೆ ಕೂತು ಊರೂರಿಗೆ ಹೊರಡುತ್ತಿದ್ದವು. ಒಂದೇ ಒಂದು ಸಲ ಡಬ್ಬಿಯ ಮುಚ್ಚಳದ ಮೇಲೆ ತನ್ನ ಹೆಸರು ನೋಡಬೇಕು, ಇಷ್ಟೇ ನೂಕರತ್ನಂ ಆಸೆ. ಮುಖ ಬೇಡ, ಹೆಸರು ಸಾಕು. ಅದಕ್ಕೆಂದೇ ಹದಿನೈದು ದಿನದ ಹಿಂದೆ ಗಂಡನ ಕೈಲಿ ಪುಟ ತೆರೆಸಿದ್ದಳು. ಅದರಲ್ಲಿದ್ದದ್ದು ಎರಡೇ ಫೋಟೋ. ಒಂದು ಊರದೇವತೆ ನೂಕಾಲಮ್ಮನದು. ಇನ್ನೊಂದು, ಯಾರದೋ ಬುಲೆಟ್ ಗಾಡಿಗೆ ಒರಗಿ ನಿಂತ ಸತ್ತಿಬಾಬುವಿನದು.

"ಸಂಜೆಯೊಳಗೆ ಸಾವಿರ ಜನ ಬೇಕು," ಎಂದಳು.

"ಸಾವಿರ ಜನಾನಾ? ನಮ್ಮ ಮದುವೆಗೇ ಇನ್ನೂರು ಜನ ಬಂದಿರಲಿಲ್ಲ," ಎಂದ ಸತ್ತಿಬಾಬು.

ಜಗಲಿಯಲ್ಲಿ ಮೊಮ್ಮಗಳು ಚಿಟ್ಟಿಗೆ ಜಡೆ ಹಾಕುತ್ತಿದ್ದ ಅಪ್ಪಾಯಮ್ಮನ ಕೈ ನಿಂತಿತು. "ಸಾವಿರ ಜನ ಏನು ಮಾಡ್ತಾರೆ?"

"ನೋಡ್ತಾರೆ ಅತ್ತಯ್ಯ. ಫೋನಲ್ಲಿ ನಮ್ಮ ಪೂತರೇಕು ನೋಡ್ತಾರೆ."

"ಕೊಳ್ಳದೇನೇ ನೋಡ್ತಾರಾ?"

"ಮೊದಲು ನೋಡ್ತಾರೆ, ಆಮೇಲೆ ಕೊಳ್ತಾರೆ."

ಅಪ್ಪಾಯಮ್ಮನ ಮುಖ ಗಂಭೀರವಾಯಿತು. ಸೊಸೆ ಹೊಸ ಮಿಕ್ಸಿ ತಂದಾಗ ಅದಕ್ಕೆ ಮೆಣಸಿನಕಾಯಿ ನಿವಾಳಿಸಿದ ಹೆಂಗಸು ಆಕೆ. ಏಳು ವರ್ಷದ ಚಿಟ್ಟಿಯ ಕೆನ್ನೆ ಮೇಲೆ ಇವತ್ತಿಗೂ ಬಟಾಣಿ ಗಾತ್ರದ ದೃಷ್ಟಿಬೊಟ್ಟು. "ಕೊಡು ಇಲ್ಲಿ ಆ ಫೋನು. ದೇವರ ಮುಂದೆ ಇಟ್ಟು ಕೊಡ್ತೀನಿ," ಎಂದು ಒಳಗೆ ಹೋದಳು. ಅರ್ಧ ಜಡೆಯ ಚಿಟ್ಟಿ ಅವಳ ಹಿಂದೆಯೇ ಓಡಿತು. ಸ್ವಲ್ಪ ಹೊತ್ತಿಗೆ ಕರಿ ಕವಚದ ಆ ಫೋನು ಊದುಬತ್ತಿಯ ವಾಸನೆ ಹೊತ್ತು ವಾಪಸು ಬಂತು.

"ಅಮ್ಮಾ, ಒಂದು ಕೇಳ್ಲಾ?" ಎಂದಿತು ಚಿಟ್ಟಿ.

"ಆಮೇಲೆ ಕೇಳು ಕಂದಾ. ಈಗ ಹಿತ್ತಾಳೆ ತಟ್ಟೆ ಎಲ್ಲಿದೆ ನೋಡು."

ತಟ್ಟೆ ಬಂತು, ಬಾಳೆ ಎಲೆ ಬಂತು, ಪಕ್ಕದಲ್ಲಿ ಎರಡು ದಾಸವಾಳ. ನಡುವೆ ನೂಕರತ್ನಂ ಮಡಿಸಿಟ್ಟ ಐದು ಪೂತರೇಕುಗಳು ತೊಟ್ಟಿಲ ಕೂಸುಗಳ ಹಾಗೆ ಮಲಗಿದ್ದವು. ಸತ್ತಿಬಾಬು ಮಂಡಿಯೂರಿ ಉಸಿರು ಹಿಡಿದು ಕ್ಲಿಕ್ಕಿಸಿದ.

ನೋಡಿದರೆ ನಡುವೆ ಕರಿಮೋಡ, ಸುತ್ತ ಮಬ್ಬು. ದಾಸವಾಳ ಮಾತ್ರ ಅಂಚಿನಲ್ಲಿ ಎಲ್ಲೋ ಬೆಂಕಿ ಬಿದ್ದ ಹಾಗೆ ಕಾಣುತ್ತಿತ್ತು.

"ಬೆಳಕು ಸಾಲ್ದು," ಎಂದ. ಅಂಗಳಕ್ಕೆ ಬಂದರು. ಅಲ್ಲೂ ಮೋಡ. "ಬೆಳಕು ಜಾಸ್ತಿ ಆಯ್ತು," ಎಂದ. ಬನಿಯನ್ನಿನ ತುದಿಯಿಂದ ಫೋನಿನ ಮುಖವನ್ನು ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ. ಅದರಲ್ಲಿ ಅವನ ಮೀಸೆ ಚೆನ್ನಾಗಿ ಕಂಡಿತು. ಪೂತರೇಕು ಕಾಣಲಿಲ್ಲ.

ಗಲಾಟೆ ಕೇಳಿ ಎದುರುಮನೆಯ ನರಸಿಂಹಮೂರ್ತಿ ಮಾಸ್ಟಾರು ಬಂದರು. ರಿಟೈರಾಗಿ ಒಂಬತ್ತು ವರ್ಷವಾದರೂ ಅಂಗಿ ಜೇಬಿನಲ್ಲಿ ಕೆಂಪು ಪೆನ್ನು. ಫೋಟೋ ನೋಡಿ, "ಫೋನಿಗೆ ಕಣ್ಣಿನ ಪೊರೆ ಬಂದಿದೆ," ಎಂದರು.

"ಮಾಸ್ಟಾರೇ, ನಿಮ್ಮ ಮಗ ಕುವೈತಿನಿಂದ ಹೊಸ ಫೋನು ಕಳಿಸಿದ್ದಾರಂತಲ್ಲ. ಸ್ವಲ್ಪ ಹೊತ್ತು ಕೊಡ್ತೀರಾ?" ಎಂದಳು ನೂಕರತ್ನಂ.

"ಅದು ಬೀರುವಿನಲ್ಲಿದೆಯಮ್ಮ. ಹೊಸದು, ಹೊರಗೆ ತೆಗೆದರೆ ಹಾಳಾಗುತ್ತೆ. ಕಾಲುವೆ ದಂಡೆಗೆ ನಡೀರಿ. ಅಲ್ಲಿ ನೀರಿನ ಬೆಳಕು ಕೆಳಗಿನಿಂದ ಬರುತ್ತೆ. ಇದು ಸೈನ್ಸು."

ಮುಂದೆ ತಟ್ಟೆ ಹಿಡಿದ ನೂಕರತ್ನಂ, ಹಿಂದೆ ಫೋನು ಹಿಡಿದ ಸತ್ತಿಬಾಬು, ಅವನ ಹಿಂದೆ ಸೈನ್ಸು, ಅದರ ಹಿಂದೆ ಬೀದಿಯ ಅರ್ಧ ಜನ ಹೊರಟರು. ದಂಡೆಯ ಮೇಲೆ ತಟ್ಟೆ ಇಟ್ಟದ್ದೇ ತಡ, ಗಾಳಿ ಬೀಸಿತು. ಅಕ್ಕಿಯ ಹಾಳೆಗೆ ಗಾಳಿ ಎಂದರೆ ತವರಿನವರು ಕರೆದ ಹಾಗೆ. ಒಂದು ಎಮ್ಮೆಯ ಬೆನ್ನಿಗೆ ಅಂಟಿತು, ಎರಡು ಬಾತುಕೋಳಿಗಳ ಪಾಲಾದವು, ಇನ್ನೊಂದು ಬಿಚ್ಚಿಕೊಂಡು ಮಾಸ್ಟಾರ ಕನ್ನಡಕದ ಮೇಲೆ ಬಂದು ಕೂತಿತು.

"ಹೇಗಿದೆ ಮಾಸ್ಟಾರೇ?" ಎಂದು ಯಾರೋ ಕೇಳಿದರು.

ಮಾಸ್ಟಾರು ನಾಲಗೆ ಚಾಚಿ ಮೂಗಿನ ಹತ್ತಿರದ ತುಂಡು ನೆಕ್ಕಿ, "ಬೆಲ್ಲ ಒಂದು ಕಾಳು ಕಡಿಮೆ," ಎಂದರು.

ಮನೆಗೆ ಬಂದಾಗ ಹತ್ತೂವರೆ. ಇರುವುದರಲ್ಲಿ ಕಡಿಮೆ ಕೆಟ್ಟ ಫೋಟೋ ಆರಿಸಿದರು. ಕೆಳಗೆ ಎರಡು ಸಾಲು ಬರೆಯುವ ಕೆಲಸ ಮಾಸ್ಟಾರರಿಗೆ ಬಂತು. ನಲವತ್ತು ವರ್ಷ ಪ್ರಶ್ನೆಪತ್ರಿಕೆ ಬರೆದ ಕೈ ಅದು, ಬೇರೇನೂ ಅದಕ್ಕೆ ಗೊತ್ತಿಲ್ಲ. ಅವರು ಬರೆದರು: 'ಚಿತ್ರವನ್ನು ಗಮನಿಸಿ. ಇದು ಏನು? ಒಂದು ವಾಕ್ಯದಲ್ಲಿ ಉತ್ತರಿಸಿ.'

"ಅಯ್ಯೋ ಮಾಸ್ಟಾರೇ, ಏನು ಅಂತ ನಾವು ಹೇಳ್ಬೇಕು, ಅವರಲ್ಲ!" ಎಂದು ನೂಕರತ್ನಂ ಕೈ ಚಾಚುವಷ್ಟರಲ್ಲಿ ಮಾಸ್ಟಾರ ಹೆಬ್ಬೆರಳು ಒತ್ತಿಯಾಗಿತ್ತು. ಫೋಟೋ ಲೋಕಕ್ಕೆ ಹೋಯಿತು.

ಮೊದಲ ಉತ್ತರ ಐದು ನಿಮಿಷಕ್ಕೆ ಬಂತು. 'ಗ್ರಹಣ.' ಎರಡನೆಯದು, 'ನಮ್ಮೆಜಮಾನರ ಬನಿಯನ್ನು.' ಮೂರನೆಯವನು ಬಹರೇನಿನಿಂದ ಬರೆದಿದ್ದ: 'ಸೀದುಹೋದ ದೋಸೆ. ನಾನೇ ಮಾಡಿದ ಹಾಗಿದೆ.' ನಾಲ್ಕನೆಯವಳು, 'ದೆವ್ವ! ಎಡಗಡೆ ಮುದುಕಿಯ ಮುಖ ಕಾಣ್ತಿದೆ!' ಎಂದು ಚೀರಿದ್ದಳು. ಎಡಗಡೆ ಇಣುಕುತ್ತಿದ್ದದ್ದು ಅಪ್ಪಾಯಮ್ಮ.

ದೆವ್ವ ಎಂದಮೇಲೆ ಸುಮ್ಮನಿರುವವರು ಯಾರು? ಒಬ್ಬಳು ಇನ್ನೊಬ್ಬಳಿಗೆ ಕಳಿಸಿದಳು, ಅವಳು ಊರಿಗೇ ಕಳಿಸಿದಳು. ಹನ್ನೆರಡಕ್ಕೆ ಮುನ್ನೂರು ಜನ. ಅನ್ನ ಬಸಿದು ಬರುವಷ್ಟರಲ್ಲಿ ಎಂಟುನೂರು. ಸಾವಿರ ದಾಟಿದಾಗ ಸತ್ತಿಬಾಬು ಎಣ್ಣೆ ಸವರಿ ತಲೆ ಬಾಚಿಕೊಂಡ, ಆ ಸಾವಿರ ಜನವೂ ಬಾಗಿಲಿಗೆ ಬರುತ್ತಾರೋ ಎಂಬಂತೆ.

"ಅಮ್ಮಾ, ಈಗ ಕೇಳ್ಲಾ?" ಎಂದಿತು ಚಿಟ್ಟಿ.

"ಇರು ಕಂದಾ, ಎಲ್ಲರೂ ಕೇಳ್ತಿದ್ದಾರೆ. ಮೊದಲು ಅವರಿಗೆ ಉತ್ತರ ಕೊಡೋಣ. ಮಾಸ್ಟಾರೇ, ಇದು ಪೂತರೇಕು ಅಂತ ಬರೆದುಬಿಡ್ತೀನಿ."

"ಬೇಡ!" ಎಂದು ಮಾಸ್ಟಾರು, ಸತ್ತಿಬಾಬು, ಬೀದಿಯ ಜನ ಒಟ್ಟಿಗೆ ಕೂಗಿದರು.

"ಉತ್ತರ ಗೊತ್ತಾದ ಮೇಲೆ ಪರೀಕ್ಷೆ ಕೋಣೆಯಲ್ಲಿ ಯಾರು ಕೂರ್ತಾರಮ್ಮ?" ಎಂದು ಮಾಸ್ಟಾರು ತಿಳಿಹೇಳಿದರು. "ಆರು ಗಂಟೆವರೆಗೂ ಹಿಡಿದಿಡು. ಸುಳಿವು ಅಂತ ಇನ್ನೆರಡು ಫೋಟೋ ಹಾಕೋಣ."

ಇನ್ನೆರಡು ಎಂಟಾದವು. ಎಂಟರಲ್ಲೂ ಕರಿಮೋಡ. ಮೊದಲು ಮೋಡಕ್ಕೆ ಬೈಯುತ್ತಿದ್ದ ಸತ್ತಿಬಾಬು ಈಗ, "ಅದೇ ನಮ್ಮ ಸ್ಟೈಲು. ಬೇರೆಯವರು ತೆಗೀಲಿ ನೋಡೋಣ ಹೀಗೆ," ಎನ್ನತೊಡಗಿದ. ನೂಕರತ್ನಂಗೂ ಒಂದು ವಿಚಿತ್ರ ಕುತೂಹಲ ಹಿಡಿಯಿತು. ಕಂಡ ಕೂಡಲೇ ಬಾಯಲ್ಲಿಟ್ಟುಕೊಂಡು ಮರೆಯುವ ತಿಂಡಿಯನ್ನು ಜನ ಕಾಣದಿದ್ದಾಗ ಇಷ್ಟೊಂದು ಹೊತ್ತು ನೋಡುತ್ತಾರಲ್ಲ! ಮಡಕೆಯ ಮುಂದೆ ಕೂತು ಹಾಳೆ ಎಳೆಯುತ್ತಲೇ ಅವಳು ನಡುನಡುವೆ ಕೂಗುತ್ತಿದ್ದಳು. "ಈಗ ಏನಂತಾರೆ?"

"ಚಂದ್ರನ ಹಿಂಭಾಗ ಅಂತಾರೆ."

"ಈಗ?"

"ಒಬ್ಬ ಡಾಕ್ಟರು ಎಕ್ಸರೇ ಅಂತಿದ್ದಾನೆ. ಎಡಗಡೆ ಮೂರನೇ ಪಕ್ಕೆಲುಬು ಮುರಿದಿದೆಯಂತೆ."

ನಾಲ್ಕು ಗಂಟೆಗೆ ಗಂಗಾಭವಾನಿಯೇ ಬಂದಳು. ಅವಳಿಗೆ ಎರಡು ವರ್ಷ ದುಡಿದು ಕೂಡಿದ್ದು ನಾಲ್ಕು ಸಾವಿರ ಜನ. ಇವರು ಆಗಲೇ ಐದು ಮುಟ್ಟಿದ್ದರು.

"ಏನೇ ರತ್ನಂ, ದೆವ್ವದ ವ್ಯಾಪಾರ ಶುರು ಮಾಡಿದ್ದೀಯಂತೆ?"

"ಕೂತ್ಕೋ ಅಕ್ಕಾ, ಮಜ್ಜಿಗೆ ತರ್ತೀನಿ."

"ಮಜ್ಜಿಗೆ ಬೇಡ. ಯಾವ ಫೋನು ಅದು? ಯಾವ ಅಂಗಡೀಲಿ ತಗೊಂಡೆ?"

"ಫೋನಲ್ಲಿ ಏನೂ ಇಲ್ಲಮ್ಮಾ," ಎಂದಳು ಅಪ್ಪಾಯಮ್ಮ ಜಗಲಿಯಿಂದ. "ಎಲ್ಲಾ ನಾನು ಮಾಡಿದ ಬಂದೋಬಸ್ತು."

"ಏನು ಬಂದೋಬಸ್ತು?"

"ಅದನ್ನೆಲ್ಲ ಹೊರಗಿನೋರಿಗೆ ಹೇಳಬಾರದು."

"ಅಮ್ಮಾ, ನಾನು ಅದನ್ನೇ..." ಎಂದು ಚಿಟ್ಟಿ ಬಾಯಿ ತೆರೆಯಿತು.

"ದೊಡ್ಡವರು ಮಾತಾಡುವಾಗ ನಡುವೆ ಬರಬಾರದು," ಎಂದರು ಮಾಸ್ಟಾರು ಅಭ್ಯಾಸಬಲದಿಂದ. ಗಂಗಾಭವಾನಿ ಮುಖ ಸಿಂಡರಿಸಿಕೊಂಡು ಹೋದಳು. ಅವಳ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದ ನೂಕರತ್ನಂಗೆ ಡಬ್ಬಿಯ ಮುಚ್ಚಳ ಕಣ್ಣಿಗೆ ಕಟ್ಟಿತು. ಹೆಸರು ಕೆಂಪಕ್ಷರದಲ್ಲಿರಲೋ, ಹಸಿರಿನಲ್ಲಿರಲೋ? ಹಸಿರೇ ಚೆಂದ.

ಆರು ಗಂಟೆಗೆ ಐದು ನಿಮಿಷವಿದ್ದಾಗ ಪುಟದಲ್ಲಿ ಆರು ಸಾವಿರದ ಇನ್ನೂರ ಹನ್ನೊಂದು ಜನ. ಬೀದಿಯೆಲ್ಲ ಅಂಗಳದಲ್ಲಿ ನೆರೆದಿತ್ತು. ಫೋನನ್ನು ಮಡಕೆಯ ಪಕ್ಕದ ಮಣೆಯ ಮೇಲೆ ಕೂರಿಸಿದ್ದರು. ಆರೂ ಐದಕ್ಕೆ ಅದು ರಿಂಗಣಿಸಿತು.

"ನೋಡಿದ್ವಿ ನೂಕರತ್ನಂಗಾರೂ," ಎಂದರು ಸುಗುಣ ಮೇಡಂ. "ಆರು ಸಾವಿರ ಜನ! ನಮ್ಮ ಮನೇಲೂ ಮಧ್ಯಾಹ್ನದಿಂದ ಅದೇ ಮಾತು. ನಮ್ಮೆಜಮಾನರು ಹಲ್ಲಿ ಅಂತಾರೆ, ಮದುಮಗಳು ಮೋಡ ಅಂತಾಳೆ. ಒಳಗಿರೋದು ಪೂತರೇಕು ಅಂತ ನನಗೆ ಗೊತ್ತಲ್ಲ, ನಾನು ನಕ್ಕು ಸುಮ್ಮನಿದ್ದೆ."

ಅಂಗಳ ಉಸಿರು ಬಿಟ್ಟಿತು. ಸತ್ತಿಬಾಬು ಹೆಂಡತಿಯ ಭುಜ ತಟ್ಟಿದ.

"ಆದರೆ ನಮ್ಮತ್ತೆಯವರಿದ್ದಾರಲ್ಲ, ಎಂಬತ್ತೆರಡು ವರ್ಷ. ಒಂಬತ್ತು ಫೋಟೋನೂ ನೋಡಿ, ಎಲ್ಲದರ ನಡುಮಧ್ಯೆ ಕಪ್ಪಿದೆ, ಮದುವೆ ಮನೆಗೆ ಕಪ್ಪು ಬರಬಾರದು ಅಂತ ಹಟ ಹಿಡಿದುಬಿಟ್ರು. ನಾನೂ ಎಷ್ಟೋ ಹೇಳಿದೆ. ನಿಮಗೆ ಗೊತ್ತಲ್ಲ, ಅತ್ತೆಯವರು ಒಂದು ಸಲ ಅಂದರೆ ಮುಗೀತು."

"ಗೊತ್ತು ಮೇಡಂ," ಎಂದಳು ನೂಕರತ್ನಂ ಸಣ್ಣ ದನಿಯಲ್ಲಿ.

"ಗಂಗಾಭವಾನಿಯವರಿಗೇ ಹೇಳಿಬಿಟ್ವಿ. ಬೇಜಾರು ಮಾಡ್ಕೋಬೇಡಿ. ಅಂದ ಹಾಗೆ ಅವರ ಫೋಟೋದಲ್ಲಿ ಹಾಳೆ ಎಷ್ಟು ತೆಳ್ಳಗೆ ಕಾಣುತ್ತೆ ರೀ! ಆಚೆಗಿನ ತೆಂಗಿನ ಮರ ಎಣಿಸಬಹುದು."

ಫೋನು ಇಟ್ಟ ಮೇಲೆ ಒಬ್ಬೊಬ್ಬರಿಗೂ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಅಷ್ಟರಲ್ಲಿ ಫೋನು ಮತ್ತೆ ರಿಂಗಣಿಸಿತು. ಗಂಗಾಭವಾನಿ. ದನಿಯಲ್ಲಿ ಬೆಲ್ಲ ಒಂದು ಕಾಳೂ ಕಡಿಮೆಯಿರಲಿಲ್ಲ.

"ರತ್ನಂ, ನಾಳೆ ಬೆಳಕು ಹರಿಯೋಕೆ ಮುಂಚೆ ಮಡಕೆ ಇಟ್ಟುಬಿಡೇ ಅಮ್ಮಾ. ದೊಡ್ಡ ಮದುವೆ ಬಂದಿದೆ. ಎಂಟು ನೂರು ಡಬ್ಬಿ. ನಿನ್ನ ಕೈಯಿನ ಹಾಳೆನೇ ಆಗಬೇಕು."

ಮಾಸ್ಟಾರು ಕೆಂಪು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದರು. "ಇನ್ನೂ ಜನ ಬರ್ತಾನೇ ಇದ್ದಾರಮ್ಮ. ಆರು ಸಾವಿರದ ನಾನೂರು. ಎಲ್ಲರೂ ಉತ್ತರ ಕೇಳ್ತಿದ್ದಾರೆ," ಎಂದು ಹೇಳಿ ಹೊರಟುಹೋದರು.

ಅಪ್ಪಾಯಮ್ಮ ಸೊಸೆಯ ತಲೆ ಸವರಿದಳು. "ಹೋದರೆ ಹೋಗಲಿ ಬಿಡೇ. ಆರು ಸಾವಿರ ಜನ ಕಣ್ಣು ಹಾಕಿದರೂ ಮಡಕೆ ಬಿರುಕು ಬಿಡಲಿಲ್ಲ, ನಿನಗೊಂದು ತಲೆನೋವು ಬರಲಿಲ್ಲ. ಒಬ್ಬರ ಕಣ್ಣೂ ಪೂತರೇಕಿಗೆ ತಾಗಲಿಲ್ಲ ನೋಡು!"

ಅದಂತೂ ನಿಜ. ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ನೂಕರತ್ನಂ ಒಲೆಯ ಬೂದಿ ಕೆದಕಿ, ಕೈ ಒರೆಸಿಕೊಂಡು, ಜಗಲಿಯ ಮೇಲೆ ಕೂತಳು. ಬೆಳಿಗ್ಗೆ ಅರ್ಧಕ್ಕೆ ನಿಂತ ಜಡೆಯಲ್ಲೇ ದಿನ ಕಳೆದ ಚಿಟ್ಟಿ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಿತು. ಅದನ್ನು ಎಳೆದು ಮಡಿಲಿಗೆ ಹಾಕಿಕೊಂಡು ಉಳಿದ ಜಡೆ ಹೆಣೆಯತೊಡಗಿದಳು.

"ಬೆಳಿಗ್ಗೆಯಿಂದ ಏನೋ ಕೇಳ್ಬೇಕು ಅಂತಿದ್ದೆಯಲ್ಲ ಕಂದಾ. ಪಾಪ, ಯಾರೂ ಬಿಡಲೇ ಇಲ್ಲ. ಈಗ ಕೇಳು."

ಚಿಟ್ಟಿ ಒಮ್ಮೆ ಅಜ್ಜಿಯನ್ನು ನೋಡಿತು, ಒಮ್ಮೆ ಮಣೆಯ ಮೇಲೆ ಕೂತಿದ್ದ ಫೋನನ್ನು ನೋಡಿತು. ತನ್ನ ಕೆನ್ನೆಯ ಬೊಟ್ಟು ಮುಟ್ಟಿಕೊಂಡಿತು.

"ಅಮ್ಮಾ, ಅಜ್ಜಿ ನನಗಾದರೆ ಕೆನ್ನೆಗೆ ಕಾಡಿಗೆ ಬೊಟ್ಟು ಇಡ್ತಾಳಲ್ಲ, ಫೋನಿಗೆ ಯಾಕೆ ಕಣ್ಣಿನೊಳಗೇ ಇಟ್ಟಳು?"