ಕುರುಗೋಡಿನಲ್ಲಿ ದೆವ್ವಕ್ಕೆ ಟವಲ್ ಹೊದಿಸಿದ ಸಂಜೆ

ನಾನು ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವವಳು. ಅದರ ಪ್ರಕಾರ ಹೋದ ವರ್ಷ ನಾನು ನೋಡಿದ ದೆವ್ವದ ಸಿನಿಮಾಗಳಲ್ಲಿ ಹನ್ನೊಂದು ಸಂಗೀತ ಕಚೇರಿಯಲ್ಲೋ ನಾಟಕದ ವೇದಿಕೆಯಲ್ಲೋ ನಡೆಯುತ್ತವೆ. ಸತ್ತ ಗಾಯಕರು ಒಂಬತ್ತು ಜನ. ಹುಚ್ಚು ಹಿಡಿದ ಪಿಟೀಲು ವಾದಕ ಒಬ್ಬ. ಇಷ್ಟು ಅಧ್ಯಯನದ ನಂತರ ನಾನೊಂದು ನಿರ್ಣಯಕ್ಕೆ ಬಂದೆ: ವೇದಿಕೆಯ ದೀಪ ಆರಿ, ಹಾಡುವವರ ಬೆನ್ನ ಹಿಂದೆ ಏನಾದರೂ ಎದ್ದು ನಿಂತರೆ ಮನುಷ್ಯರಾದವರು ಕಿರುಚಲೇಬೇಕು. ಇಂಥದೊಂದು ಕಿರುಚಿತ್ರ ನಾನೇ ತೆಗೆಯಬಾರದೇಕೆ? ಫೋನ್ ಇತ್ತು. ದೆವ್ವವೂ ಇತ್ತು!

ದೆವ್ವ ಎಂದರೆ ಗಾದಿಲಿಂಗ. ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಬೀದಿಯಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಆರಡಿ ಎತ್ತರ, ಊಟ ಮಾಡಿದ ಗುರುತೇ ಇಲ್ಲದ ಮೈ.

ವೇದಿಕೆ ಕುರುಗೋಡಿನ ಸೋದರಮಾವನದು. ಮಾವ ಬಯಲಾಟದ ಮೇಳದಲ್ಲಿ ಹಾರ್ಮೋನಿಯಂ ನುಡಿಸುತ್ತ ಹಾಡುವ ಮಾಸ್ತರ. ಆ ಮೇಳವನ್ನು ಈಗ ಕರೆಯುವವರಿಲ್ಲ. ವೇಷದ ಪೆಟ್ಟಿಗೆಯಲ್ಲಿ ರಾಜರ ಕಿರೀಟಗಳು ಜಿರಳೆಗಳ ಪಾಲಾಗಿವೆ. ನವೆಂಬರಿನ ಒಂದು ಶನಿವಾರ ಸಿರುಗುಪ್ಪದ ಅಕ್ಕಿ ಗಿರಣಿಯ ಸಾಹುಕಾರರು ಆಟ ನೋಡಲು ಬರುವವರಿದ್ದರು. ಮೆಚ್ಚಿದರೆ ಪ್ರತಿ ವರ್ಷ ಗಿರಣಿಯ ಪೂಜೆಗೆ ಮೇಳವನ್ನೇ ಕರೆಸುತ್ತಾರೆ. ಮೆಚ್ಚದಿದ್ದರೆ ಮೇಳ ಮುಚ್ಚುವುದೇ ಎಂದು ಮಾವ ಹೇಳಿಬಿಟ್ಟಿದ್ದ. ಬೆಳಗಿನ ತನಕ ಆಡುವ ಆಟವನ್ನು ಅವರಿಗಾಗಿ ಸಂಜೆಯ ಎರಡು ತಾಸಿಗೆ ಇಳಿಸಿದ್ದ. ನೆಚ್ಚಿದ್ದು ಒಂದೇ ಪದವನ್ನು: ಸತ್ತ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ರಾಣಿ ಅಳುವ ಪದ. ಮಾವ ಅದನ್ನು ಹಾಡಿದರೆ ಬಂಡೆಯಂಥ ಗಂಡಸರೂ ಕಣ್ಣೊರೆಸಿಕೊಳ್ಳುತ್ತಾರೆ.

ನಾನು ಕಣ್ಣು ಹಾಕಿದ್ದು ಆ ಪದದ ಮೇಲೆಯೇ.

"ಮಾವಾ, ಆ ಪದಕ್ಕಿಂತ ಮೊದ್ಲು ಒಂದೇ ನಿಮಿಷ ದೆವ್ವ ಬಂದು ಹೋಗ್ಲಿ. ಜನ ಚೀರೋದನ್ನ ತಕ್ಕೊಂಡ್ಬಿಡ್ತೀನಿ."

"ನಮ್ಮ ಆಟದಾಗ ದೆವ್ವ ಎಲ್ಲೈತೆವ್ವಾ?"

"ರಾಣಿ ಮಗ ಸತ್ತಾನಲ್ಲ, ಅವಂದ!"

ಒಳಗಿನಿಂದ ಅತ್ತೆಯ ದನಿ ಬಂತು: "ಹೂಂ ಅನ್ರಿ. ನಿಮ್ಮ ಮ್ಯಾಳಾನ ದೆವ್ವ ಆಗೇತಿ, ಇನ್ನೊಂದು ಬಂದ್ರ ಏನಾತು?"

"ಒಂದ್ ನಿಮಿಷ ಅಂದ್ರ ಒಂದ ನಿಮಿಷ ನೋಡು," ಎಂದು ಮಾವ ನಿಟ್ಟುಸಿರು ಬಿಟ್ಟ.

ಆ ಸಂಜೆ ರಾಣಿ ಮಗನ ಹೆಣವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಳು. ಸಾಹುಕಾರರು ಮುಂದಿನ ಕುರ್ಚಿಯಲ್ಲಿ ಕರ್ಚೀಫು ತೆಗೆದಿಟ್ಟುಕೊಂಡರು. ನಾನು ವೇದಿಕೆಯೂ ಮುಂದಿನ ಸಾಲೂ ಕಾಣುವಂತೆ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ದೀಪದವನಿಗೆ ಸನ್ನೆ ಮಾಡಿದೆ. ಕತ್ತಲಾಯಿತು.

"ಕರೆಂಟ್ ಹೋತಲೇ!" ಎಂದು ಯಾರೋ ಅಂದರು. ಮರುಕ್ಷಣ ಅಷ್ಟೂ ಜನರ ಫೋನುಗಳ ಬೆಳಕು ಹೊತ್ತಿಕೊಂಡಿತು. ಮೊದಲಿಗಿಂತ ಹೆಚ್ಚು ಬೆಳಕು! ನಮ್ಮ ಕಡೆಯ ಜನರನ್ನು ಕತ್ತಲಿನಿಂದ ಹೆದರಿಸಲು ಹೊರಟವಳು ನಾನೇ ಮೊದಲಿಗಳಿರಬೇಕು.

ಆ ಬೆಳಕಿನಲ್ಲಿ ಮುಖಕ್ಕೆ ಸುಣ್ಣ ಬಳಿದುಕೊಂಡು, ಬಿಳಿ ಸೀರೆ ಸುತ್ತಿಕೊಂಡು ಗಾದಿಲಿಂಗ ಎದ್ದ. ಸಿನಿಮಾಗಳಲ್ಲಿ ಪ್ರೇಕ್ಷಕರು ಓಡುತ್ತಾರೆ, ಬಾಗಿಲು ಮುಚ್ಚಿರುತ್ತದೆ. ಇಲ್ಲಿ ಬಯಲು, ಓಡುವವರಿಗೆ ನಾಲ್ಕೂ ದಿಕ್ಕು ತೆರೆದಿತ್ತು. ಯಾರೂ ಓಡಲಿಲ್ಲ.

"ಅಯ್ಯ ಶಿವನ, ಸತ್ತ ಮ್ಯಾಲ ಕೂಸು ಎಷ್ಟ್ ಸೊರಗೇತಿ ನೋಡ್ರೆವ್ವಾ!" ಎಂದು ಅಜ್ಜಿಯೊಬ್ಬಳು ಮರುಗಿದಳು.

ನಾನು ಮರೆತಿದ್ದ ಸಂಗತಿಯೊಂದಿತ್ತು. ಬಯಲಾಟದಲ್ಲಿ ಪಾತ್ರ ಮೆಚ್ಚಿದವರು ವೇದಿಕೆ ಹತ್ತಿ ಪಾತ್ರಧಾರಿಗೆ ಟವಲ್ ಹೊದಿಸುತ್ತಾರೆ. ಹೊದಿಸಿದವರ ಹೆಸರನ್ನು ಮೈಕಿನಲ್ಲಿ ಕೂಗುವ ತನಕ ಆಟ ಮುಂದೆ ಹೋಗುವಂತಿಲ್ಲ. ಮೇಲಿನ ಓಣಿಯವರು ಹೊದಿಸಿದರೆ ಕೆಳಗಿನ ಓಣಿಯವರು ಸುಮ್ಮನೆ ಕೂಡುವಂತೆಯೂ ಇಲ್ಲ!

"ದೆವ್ವದ ಪಾತ್ರವನ್ನು ಅಮೋಘವಾಗಿ ಅಭಿನಯಿಸಿದ್ದಕ್ಕಾಗಿ ಮೇಲಿನ ಓಣಿಯ ಹನುಮಂತಪ್ಪನವರಿಂದ ಒಂದು ಟವಲ್! ಅವರಿಗೆ ಮೇಳದ ವತಿಯಿಂದ ಶರಣು ಶರಣಾರ್ಥಿ!"

ಮಾವ ಶ್ರುತಿ ಹಿಡಿದ. ಕೆಳಗಿನ ಓಣಿಯಿಂದ ಟವಲ್ ಬಂತು. ಮಾವ ನಿಲ್ಲಿಸಿದ. ಮತ್ತೆ ಹಿಡಿದ. ಮತ್ತೊಂದು ಟವಲ್. ರಾಣಿ ಆಕಳಿಸಿದಳು. ಅವಳ ತೊಡೆಯ ಮೇಲಿದ್ದ ಹೆಣ ಎದ್ದು ಕುಳಿತು, "ಸತ್ತಾವ ನಾನು, ಟವಲ್ ಅವಗೇನ್ರಿ?" ಎಂದು ತಕರಾರು ತೆಗೆಯಿತು.

"ಗಾದೀ, ಇಳಿಯಲೇ ಕೆಳಗ!" ಎಂದು ನಾನು ಪಕ್ಕದಿಂದ ಹಲ್ಲು ಕಡಿದೆ.

"ಅಕ್ಕಾ, ಮೆಚ್ಚಿದ ಜನಕ್ಕ ಬೆನ್ನು ತೋರಿಸಬಾರ್ದು," ಎಂದು ದೆವ್ವ ಎಲ್ಲರಿಗೂ ಕೈ ಮುಗಿಯಿತು.

ಸಾಹುಕಾರರು ಗಡಿಯಾರ ನೋಡಿಕೊಂಡರು. ಇನ್ನು ತಡೆಯಲಾರದೆ ನಾನೇ ವೇದಿಕೆ ಹತ್ತಿ ಗಾದಿಲಿಂಗನ ತೋಳು ಹಿಡಿದೆಳೆದೆ. ಬೆಳಗಿನಿಂದ ಓಡಾಡಿ ನನ್ನ ಕೂದಲು ಕೆದರಿತ್ತು, ಮುಖವೆಲ್ಲ ಧೂಳು. ಹೆಗಲ ಮೇಲೆ ಏನೋ ಬಿತ್ತು.

"ಹೆಣ್ಣು ದೆವ್ವದ ಪಾತ್ರಕ್ಕೆ ಕೆಳಗಿನ ಓಣಿಯ ಸಮಸ್ತರಿಂದ..."

ನಾನು ಬಣ್ಣ ಹಚ್ಚಿಕೊಂಡಿರಲಿಲ್ಲ. ಅದು ನನ್ನ ಸ್ವಂತ ಮುಖ!

ಸಾಹುಕಾರರು ಎದ್ದರು. ಮಾವ ಹಾರ್ಮೋನಿಯಂ ಬಿಟ್ಟು ಓಡಿದ. "ಪದ ಇನ್ನೂ ಐತ್ರಿ ಸಾಹುಕಾರ್ರ. ಅದನ್ನೊಂದು ಕೇಳ್ರಿ."

"ಹೊತ್ತಾತು ಮಾಸ್ತರ. ದೆವ್ವಗೋಳು ಮಾತ್ರ ಭಾಳ ಚಲೋ ಮಾಡಿದ್ವು. ಪೂಜಿಗೆ ಅವನ್ನ ಕಳಿಸ್ರಿ. ಹಾರ್ಮೋನಿಯಂ ಪೆಟ್ಟಿಗಿ ತರೋದು ಬ್ಯಾಡ, ಡಿಜೆ ಹೇಳೀವಿ."

ಕಾರು ಹೋಯಿತು. ಜನವೂ ಕರಗಿತು. ಮಾವ ಹಾರ್ಮೋನಿಯಂ ಮುಂದೆ ಬಂದು ಕುಳಿತ. ತಿದಿ ಒತ್ತಿ ಕೊಕ್ಕೆ ಹಾಕಿದ. ಒಳಗಿದ್ದ ಗಾಳಿ ಮೆಲ್ಲಗೆ ಹೊರಬಿತ್ತು.

ಪೂಜೆಯ ದಿನ ಗಾದಿಲಿಂಗ ಒಬ್ಬನೇ ಸಿರುಗುಪ್ಪಕ್ಕೆ ಹೋಗಿ ಡಿಜೆ ಮುಂದೆ ಕುಣಿದು ಬಂದ. ಮೇಳ ಮುಚ್ಚಿತು. ನಾನು ಚಿತ್ರವನ್ನು ಕತ್ತರಿಸಿ ಜೋಡಿಸಿ, ಮಾವನಿಗೆ ಸಮಾಧಾನವಾದೀತೆಂದು ಕುರುಗೋಡಿಗೆ ಒಯ್ದೆ. ಅವನು ಕನ್ನಡಕ ಏರಿಸಿ, ಕೊನೆಯ ತನಕ ನೋಡಿದ.

"ಅಂಜಿಕಿ ಆತೇನು ಮಾವಾ?"

"ಆತವ್ವಾ."

ಕಡೆಗೂ ಒಬ್ಬ ಪ್ರೇಕ್ಷಕ ಹೆದರಿದ್ದ! ನಾನು ಹಿಗ್ಗಿ ಕೇಳಿದೆ: "ದೆವ್ವ ಎದ್ದಾಗೇನು?"

"ಅಲ್ಲವ್ವಾ. ಸಾಹುಕಾರ್ರು ಎದ್ದಾಗ."

ಹೆದರಿಸಲು ಹೊರಟ ಗಾದಿಲಿಂಗನಿಗೆ ಸೀರೆ, ಸುಣ್ಣ ಎಲ್ಲ ಬೇಕಾಯಿತು; ಆದರೂ ಒಬ್ಬರೂ ಹೆದರಲಿಲ್ಲ. ಮಾವನನ್ನು ಹೆದರಿಸಲು ನನಗೆ ಅವೇನೂ ಬೇಕಾಗಲಿಲ್ಲ!