ದೊಡ್ಡಪ್ಪನ ಕಾದಂಬರಿಗೆ ಒಬ್ಬ ಓದುಗ

ನಮ್ಮ ದೊಡ್ಡಪ್ಪ ಯಾವ ಕೆಲಸಕ್ಕೆ ಕೈ ಹಾಕಿದರೂ ಊರಿಗೆ ಎರಡು ವರ್ಷ ನಗೋದಕ್ಕೆ ಸಾಮಾನು ಸಿಗುತ್ತದೆ. ಅದಕ್ಕೆಂದು ಅವರು ಬೇರೆ ಏನೂ ಮಾಡಬೇಕಾಗಿಲ್ಲ. ಮೊದಲು ಹಾನುಬಾಳಿಂದ ಸಕಲೇಶಪುರಕ್ಕೆ ಬಾಡಿಗೆ ಜೀಪು ಓಡಿಸಿದರು. ಆಮೇಲೆ ಎಸ್ಟೇಟಿನಲ್ಲಿ ಮೇಸ್ತ್ರಿ ಆದರು. ಅದನ್ನೂ ಬಿಟ್ಟು ಮದುವೆ ಮನೆಗಳಿಗೆ ಅಡಿಗೆ ಮಾಡಿದರು. ಅರವತ್ತೊಂದನೇ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ರೊಟ್ಟಿ ತಿನ್ನುತ್ತಾ, "ನಾನೀಗ ಕಾದಂಬರಿಕಾರ" ಅಂದರು.

"ಇನ್ನೊಂದು ರೊಟ್ಟಿ ಹಾಕ್ಲಾ?" ಅಂದರು ದೊಡ್ಡಮ್ಮ.

ಬರೆದವರೂ ಅವರೇ, ಅಚ್ಚು ಹಾಕಿಸಿದವರೂ ಅವರೇ, ಚೀಲದಲ್ಲಿ ಹೊತ್ತು ತಿರುಗಿದವರೂ ಅವರೇ. ಹೆಸರು ಬೇಡ, ಹಾರ ಬೇಡ. ಅವರಿಗಿದ್ದದ್ದು ಒಂದೇ ಆಸೆ: ಯಾರಾದರೂ ಒಬ್ಬ, ಒಬ್ಬನೇ ಒಬ್ಬ, ಆ ಪುಸ್ತಕವನ್ನು ಕೊನೇ ಪುಟದವರೆಗೂ ಓದಬೇಕು.

ಮೊದಲು ಸಿಕ್ಕಿದವನು ನಾನು. ಹತ್ತನೇ ಕ್ಲಾಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದು ಮನೇಲಿ ಕೂತಿದ್ದೆ. ತಪ್ಪಿಸಿಕೊಳ್ಳೋಕೆ ನೆಪ ಇರಲಿಲ್ಲ.

ಜೀಪು ತುಂಬಬೇಕು

ಎರಡನೇ ಅಧ್ಯಾಯದಲ್ಲಿ ಹುಡುಗ, ಹುಡುಗಿ ಮನೆ ಬಿಟ್ಟು ಓಡಿಹೋಗುತ್ತಾರೆ. ಹಾನುಬಾಳಿನ ಸ್ಟ್ಯಾಂಡಿಗೆ ಬಂದು ಜೀಪು ಹತ್ತುತ್ತಾರೆ. ಅಲ್ಲಿಂದ ಆರು ಪುಟ ಜೀಪು ಅಲ್ಲಾಡುವುದಿಲ್ಲ. ಒಬ್ಬ ಹಾಲಿನ ಕ್ಯಾನು ಹಿಡಿದು ಬರುತ್ತಾನೆ, ಒಬ್ಬಳು ಕೋಳಿ ತರುತ್ತಾಳೆ, ಇಬ್ಬರು ಹಿಂದೆ ನೇತಾಡುತ್ತಾರೆ.

"ದೊಡ್ಡಪ್ಪ, ಓಡಿಹೋಗೋರು ಹಿಂಗೆ ಕಾಯ್ತಾ ಕೂತ್ಕತಾರಾ?" ಅಂದೆ.

"ಲೋ, ಇಬ್ರನ್ನೇ ಕೂರಿಸ್ಕಂಡು ಹಾನುಬಾಳಿಂದ ಯಾವ ಜೀಪು ಹೊಂಟೈತೆ ಹೇಳು ನೋಡಾಣ?"

ಅದೂ ನಿಜವೇ. ಹದಿಮೂರು ಜನ ಆಗದೆ ನಮ್ಮ ಕಡೆ ಜೀಪು ಹೊರಡುವುದಿಲ್ಲ. ಕಾದಂಬರಿಯಲ್ಲೂ ಹನ್ನೆರಡು ಜನ ಆಗಿ, ಇನ್ನೊಬ್ಬನಿಗೆ ಕಾಯುತ್ತಿದ್ದರು. ಹದಿಮೂರನೆಯವನಾಗಿ ಹುಡುಗಿಯ ಅಪ್ಪನೇ ಬಂದು ಹತ್ತಿದ. ಜೀಪು ಹೊರಟಿತು.

ಗೈರುಹಾಜರು

ಎಸ್ಟೇಟಿನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಆಳುಗಳ ಹಾಜರಿ ತೆಗೆದುಕೊಳ್ಳಬೇಕು. ದೊಡ್ಡಪ್ಪನಿಗೆ ಆ ಚಾಳಿ ಹೋಗಿರಲಿಲ್ಲ. ಪ್ರತೀ ಅಧ್ಯಾಯವೂ ಬೆಳಿಗ್ಗೆಯೇ ಶುರು, ಕಾದಂಬರಿಯಲ್ಲಿರುವ ಅಷ್ಟೂ ಜನರ ಹೆಸರು ಸಾಲಾಗಿ ಬಂದ ಮೇಲೇ ಕತೆ ಮುಂದಕ್ಕೆ.

"ಈ ಅಜ್ಜಿ ಮೂರನೇ ಅಧ್ಯಾಯದಾಗೆ ಸತ್ತೋದ್ಲಲ್ಲ ದೊಡ್ಡಪ್ಪ, ನಾಕರಾಗೆ ಮತ್ಯಾಕೆ ಬಂದವ್ಳೆ?"

"ಎಲ್ಲೋ ಬಂದವ್ಳೆ? ಕಣ್ಣು ಬಿಟ್ಟು ಓದು. ಹೆಸರ ಮುಂದೆ 'ಗೈರುಹಾಜರು' ಅಂತ ಬರ್ದಿಲ್ವಾ?"

ನಾನು ಅಲ್ಲಿಗೇ ನಿಲ್ಲಿಸಿದೆ. ಐದನೇ ಅಧ್ಯಾಯದಿಂದ ನಾನೂ ಗೈರುಹಾಜರು.

ಹಾಸನದ ಪ್ರೆಸ್ಸಿನಲ್ಲಿ

ಪುಸ್ತಕ ಟೈಪ್ ಮಾಡಿದ್ದು ಹಾಸನದ ಒಂದು ಪ್ರೆಸ್ಸಿನ ಹುಡುಗಿ. ಟೈಪ್ ಮಾಡಿದ ಮೇಲೆ ಓದಿಯೇ ಇರಬೇಕಲ್ಲ ಅಂತ ದೊಡ್ಡಪ್ಪ ಆಸೆಯಿಂದ ಹೋದರು. ನಾನೂ ಜೊತೆಗಿದ್ದೆ.

"ಹೆಂಗೈತಮ್ಮ ಕಾದಂಬರಿ?"

"ಫಾಂಟು ಚೆನ್ನಾಗಿ ಕೂತಿದೆ ಸಾರ್."

"ಅದಲ್ಲ, ಕತೆ?"

"ನಾನು ಓದಲ್ಲ ಸಾರ್, ಟೈಪ್ ಮಾಡ್ತೀನಿ ಅಷ್ಟೇ." ದೊಡ್ಡಪ್ಪನ ಮುಖ ನೋಡಿ ಅವಳಿಗೆ ಪಾಪ ಅನಿಸಿರಬೇಕು. "ಹನ್ನೊಂದನೇ ಅಧ್ಯಾಯ ಮಾತ್ರ ಓದಿದೆ ಸಾರ್. ತುಂಬಾ ಚೆನ್ನಾಗಿದೆ. ಮನೇಲೂ ಅದೇ ಅಳತೇಲಿ ಮಾಡಿದೆ, ಪಾಯಸ ಸಕ್ಕತ್ತಾಗಿ ಬಂತು."

ಹನ್ನೊಂದನೇ ಅಧ್ಯಾಯ ಅಂದರೆ ಹುಡುಗನ ಅಪ್ಪ ಸತ್ತು ತಿಥಿ ಊಟ ಆಗುವ ಅಧ್ಯಾಯ.

ಮುಯ್ಯಿ

ಕೊಂಡು ಓದುವವರು ಸಿಗಲಿಲ್ಲ. ದೊಡ್ಡಪ್ಪ ಮದುವೆಗಳಿಗೆ ಹೋಗಿ ಪುಸ್ತಕವನ್ನೇ ಮುಯ್ಯಿ ಮಾಡಲು ಶುರು ಮಾಡಿದರು. ಬಣ್ಣದ ಕಾಗದ ಸುತ್ತಿ, ಒಳಗೆ 'ನೂರು ಕಾಲ ಸುಖವಾಗಿ ಬಾಳಿ' ಅಂತ ಬರೆದು ಸಹಿ ಹಾಕಿ ಕೊಡುವುದು. ಮಗ್ಗೆಯ ನೆಂಟರ ಮದುವೆಯಲ್ಲೂ ಹಾಗೇ ಕೊಟ್ಟರು.

ಮುಯ್ಯಿ ಅಂದಮೇಲೆ ತಿರುಗಿಸಲೇಬೇಕಲ್ಲ. ಕೆಲವು ತಿಂಗಳಾದ ಮೇಲೆ ದೊಡ್ಡಪ್ಪನ ಮೊಮ್ಮಗಳ ನಾಮಕರಣಕ್ಕೆ ಮಗ್ಗೆಯವರು ಬಂದು, ತೊಟ್ಟಿಲ ಹತ್ತಿರ ಒಂದು ಪೊಟ್ಟಣ ಇಟ್ಟು, ಊಟ ಮಾಡಿ ಹೋದರು. ಬಿಚ್ಚಿ ನೋಡಿದರೆ ಅದೇ ಪುಸ್ತಕ, ಅದೇ ಸಹಿ. ಒಂದಕ್ಕೊಂದು ಅಂಟಿಕೊಂಡಿದ್ದ ಪುಟಗಳು ಇನ್ನೂ ಬಿಟ್ಟಿರಲಿಲ್ಲ.

ದೊಡ್ಡಪ್ಪ ಬಣ್ಣದ ಕಾಗದವನ್ನು ಮತ್ತೆ ಸುತ್ತಿಟ್ಟರು. ದೊಡ್ಡಮ್ಮ ಸಮಾಧಾನ ಮಾಡಿದರು: "ಮರ್ಯಾದಸ್ತ ಜನ ಕಣ್ರೀ. ಇಸ್ಕಂಡಿದ್ದನ್ನ ಒಂಚೂರೂ ಮುಟ್ದೆ ಹಂಗೇ ತಂದುಕೊಟ್ಟವ್ರೆ."

ಬೇಲಿ

ನಾಮಕರಣದ ಮೇಲೆ ದೊಡ್ಡಪ್ಪ ಪೆನ್ನು ಮುಟ್ಟಲಿಲ್ಲ. ಉಳಿದ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿಸಿದರು. ಜಗಲಿ ಮೇಲೆ ಸುಮ್ಮನೆ ಕೂರುತ್ತಿದ್ದರು. ಬೈಯುವವರು ಸುಮ್ಮನಾದರೆ ನನಗೂ ಹೊತ್ತು ಹೋಗುವುದಿಲ್ಲ. ಅದಕ್ಕೇ ಒಂದು ಸುಳ್ಳು ಹೇಳಿದೆ.

ಪಕ್ಕದ ತೋಟದ ಗೌಡರಿಗೂ ದೊಡ್ಡಪ್ಪನಿಗೂ ಎಂಟು ವರ್ಷದಿಂದ ಮಾತಿಲ್ಲ. ಎರಡು ತೋಟದ ನಡುವೆ, ನಮ್ಮ ಬಾವಿ ಪಕ್ಕ ಇರುವ ಬೇಲಿ ಎರಡಡಿ ನಮ್ಮ ಕಡೆಗೆ ಬರಬೇಕು ಅಂತ ಗೌಡರು, ಒಂದಿಂಚೂ ಬರಬಾರದು ಅಂತ ದೊಡ್ಡಪ್ಪ. ಗೌಡರು ಕಾಫಿ ಗಿಡದ ಚಿಗುರು ತೆಗೆಸುತ್ತಾ ನಿಂತಿದ್ದಾಗ ನಾನು ಬೇಲಿ ಹತ್ತಿರ ಹೋದೆ.

"ಗೌಡ್ರೇ, ನಿಮ್ಮ ವಿಚಾರ ಎಲ್ಲಾ ದೊಡ್ಡಪ್ಪನ ಪುಸ್ತಕದಾಗೆ ಬಂದ್‌ಬುಟ್ಟೈತೆ."

"ನನ್ನ ವಿಚಾರನಾ? ಯಾವ ಪುಟ?"

"ಅದ್ನ ಹೇಳಿದ್ರೆ ದೊಡ್ಡಪ್ಪ ನನ್ನ ಚರ್ಮ ಸುಲೀತಾರೆ. ನೀವೇ ಹುಡುಕ್ಕಳಿ." ಬೇಲಿ ಮೇಲಿಂದ ಒಂದು ಪುಸ್ತಕ ದಾಟಿಸಿದೆ.

ಒಂದು ವಾರ ಗೌಡರು ತೋಟಕ್ಕೇ ಇಳಿಯಲಿಲ್ಲ. ಎಂಟನೇ ದಿನ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು, ಮುಖ ಕೆಂಪು ಮಾಡಿಕೊಂಡು ನಮ್ಮ ಅಂಗಳಕ್ಕೆ ಬಂದರು. ನಾನು ಕಣದ ಕಡೆ ಜಾರಿ, ಕಾಫಿ ಮೂಟೆ ಹಿಂದೆ ಕೂತೆ.

"ಏನ್ರೀ, ನನ್ನ ಏನಂತ ತಿಳ್ಕಂಡಿದೀರಿ?" ಅಂತ ಗೌಡರು ಕೂಗಿದರು. "ನಮ್ಮ ಬೀದಿ ನಾಯಿ ಐತೆ ಇದ್ರಾಗೆ. ಮುರ್ದೋದ ಮೋರಿ ಐತೆ. ಎಂಟು ವರ್ಷ ನಿಮ್ಮತ್ರ ಜಗಳ ಆಡಿದೀನಿ, ನಾನೊಬ್ಬ ಎಲ್ಲೂ ಇಲ್ವಲ್ರೀ!"

ದೊಡ್ಡಪ್ಪ ನಿಧಾನಕ್ಕೆ ಎದ್ದು ನಿಂತರು. "ಗೌಡ್ರೇ, ಕೊನೇ ಪುಟದವರೆಗೂ ನೋಡಿದ್ರಾ?"

"ನೋಡಿದ್ರಾ ಅಂದ್ರೆ? ಎಲ್ಲಿ ಬಚ್ಚಿಟ್ಟಿದೀರೋ ಅಂತ ಎರಡೆರಡು ಸಲ ಓದಿದೀನಿ!"

ದೊಡ್ಡಪ್ಪ ಅಂಗಳಕ್ಕೆ ಇಳಿದು ಬಂದರು. "ಲೇ, ಕಾಫಿ ತಗೊಂಬಾರೇ," ಅಂತ ಒಳಗೆ ಕೂಗಿ, ಗೌಡರನ್ನು ಕೈ ಹಿಡಿದು ಜಗಲಿ ಮೇಲೆ ಕೂರಿಸಿದರು. ಕಾಫಿ ಬಂತು, ಅಕ್ಕಿರೊಟ್ಟಿ ಬಂತು. ಕೊನೇ ಅಧ್ಯಾಯದಲ್ಲಿ ಕಣ್ಣಲ್ಲಿ ನೀರು ಬಂತು ಅಂತ ಗೌಡರು ಒಪ್ಪಿಕೊಂಡರು. ಮುಂದಿನ ಕಾದಂಬರಿಯಲ್ಲಿ ನಿಮ್ಮನ್ನು ಖಂಡಿತ ಹಾಕುತ್ತೀನಿ ಅಂತ ದೊಡ್ಡಪ್ಪ ಮಾತು ಕೊಟ್ಟರು.

"ಹೀರೋ ಏನೂ ಬ್ಯಾಡ," ಅಂದರು ಗೌಡರು. "ಆದ್ರೆ ಬೇಲಿ ವಿಚಾರದಾಗೆ ನಾನು ಹೇಳಿದ್ದೇ ಸರಿ ಅಂತ ಬರೀಬೇಕು."

"ಅದು ಮಾತ್ರ ಆಗಲ್ಲ ಗೌಡ್ರೇ. ಸುಳ್ಳು ಬರೆಯಾಕೆ ಆಗಲ್ಲ."

ಗೌಡರು ಲೋಟ ಕೆಳಗಿಟ್ಟು ಎದ್ದರು. "ಹಂಗಾದ್ರೆ ಮುಂದಿನದು ನಾನು ಓದಲ್ಲ."

ದೊಡ್ಡಪ್ಪ ಒಂದು ಸಲ ಅವರ ಕೈಲಿದ್ದ ಪುಸ್ತಕ ನೋಡಿದರು, ಒಂದು ಸಲ ತೋಟ ನೋಡಿದರು.

"ಕೂತ್ಕಳಿ ಗೌಡ್ರೇ," ಅಂದರು. "ಸುಳ್ಳು ಯಾಕೆ ಬರೀಬೇಕು? ನಾಳೆ ಆಳು ಕಳ್ಸಿ, ಬೇಲಿನೇ ಎರಡಡಿ ಈ ಕಡೆ ಹಾಕ್ಕಳಿ. ಆಮೇಲೆ ಇದ್ದದ್ದನ್ನ ಇದ್ದಂಗೇ ಬರೀತೀನಿ."

ಖಾಲಿ ಲೋಟ ತೆಗೆಯಲು ಬಂದ ದೊಡ್ಡಮ್ಮ ಹೇಳಿದರು: "ಎರಡು ಕಾದಂಬರಿಗೇ ನಿಲ್ಸಿ ಮಾರಾಯ್ರೇ. ಮೂರನೇದು ಬರೆದ್ರೆ ಬಾವಿನೂ ಹೋಯ್ತದೆ."